ಕೋನಾಕ್ಷರ ಮೀಮಾಂಸೆ ಅಥವಾ ಫ್ಯೂಚುರಾ ಎಂಬ ಅಚ್ಚಕ್ಷರದ ಸ್ವರೂಪ, ವಿನಿಯೋಗ ಮತ್ತು ಪ್ರಾಯಶ್ಚಿತ್ತ ವಿಚಾರ

ಉಪೋದ್ಘಾತ

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಮೊದಲು ಬರಬೇಕು. ಬಂದು ಹೋಗಲಿ. ವಿಷಯ: ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿದ್ದ ಬಾವರ್ ಎಂಬ ಅಚ್ಚುಮೊಳೆ ಎರಕದ ಕಾರ್ಖಾನೆ 1927ರಲ್ಲಿ ಮಾರಾಟಕ್ಕಿಟ್ಟ, ಪಾಲ್ ರೆನ್ನರ್ ರೂಪಿಸಿದ, ಫ್ಯೂಚುರಾ ಎಂಬ ರೋಮನ್ ಅಕ್ಷರಕುಲ. ಪ್ರಯೋಜನ: ಗ್ರಂಥಕರ್ತನ ಬಡ್ತಿ ಅರ್ಜಿಯ ಏಳನೆಯ ಕಲಮಿಗೆ ಒಂದು ಪ್ರಕಟಣೆ. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು: ಲಗ್ನಪತ್ರಿಕೆ ಕೈಗೆ ಬಂದಾಗ ಮುಹೂರ್ತಕ್ಕಿಂತ ಮೊದಲು ಅಕ್ಷರ ನೋಡುವವನು, ಅಂಥವನಿಗೆ ಊಟ ತಪ್ಪಿದರೆ ಶಾಸ್ತ್ರ ಹೊಣೆಯಲ್ಲ. ಸಂಬಂಧ: ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟು, ಇದು ಮೂರನೆಯ ಅಧಿಕರಣದ ಹೊತ್ತಿಗೆ ಸಡಿಲವಾಗುತ್ತದೆ.

ಇನ್ನು ಲಕ್ಷಣ. ‘ಕೋನತ್ವಾವಚ್ಛಿನ್ನ ಪುಚ್ಛಾಭಾವವಿಶಿಷ್ಟ ಸಮರೇಖಾತ್ಮಕ ಅಕ್ಷರತ್ವವೇ ಫ್ಯೂಚುರಾತ್ವ.’ ಬಾಲಬೋಧೆಗಾಗಿ ಹೇಳುವುದಾದರೆ, ಈ ಅಕ್ಷರಗಳಿಗೆ ಚೂಪು ಮೂಲೆಗಳಿವೆ. ಪುಸ್ತಕದ ಇಂಗ್ಲಿಷ್ ಅಕ್ಷರಗಳ ಅಂಗಾಲು, ನೆತ್ತಿಗಳಲ್ಲಿ ಚಾಚಿಕೊಂಡಿರುವ ಸೆರಿಫ್ ಎಂಬ ಪುಟ್ಟ ಗೀಟು ಇವಕ್ಕಿಲ್ಲ. ಗೆರೆ ಎಲ್ಲೆಡೆ ಒಂದೇ ದಪ್ಪ. ಲಕ್ಷಣ ಹೇಳಿದ ಮೇಲೆ ಅದರ ದೋಷವನ್ನೂ ನಾವೇ ಹೇಳಿಬಿಡುವುದು ಪಂಡಿತಪರಂಪರೆಯ ಜಾಣತನ. ಅತಿವ್ಯಾಪ್ತಿ: 1926ರಲ್ಲೇ ಬಂದ ಯಾಕೊಬ್ ಎರ್ಬಾರ್‌ನ ಅಕ್ಷರಕ್ಕೂ, 1927ರಲ್ಲಿ ಬಂದ ರುಡಾಲ್ಫ್ ಕೋಖ್‌ನ ಕಾಬೆಲ್‌ಗೂ ಈ ಲಕ್ಷಣ ಹೊಂದುತ್ತದೆ. ಅವ್ಯಾಪ್ತಿ: ಎಸ್ ಎಂಬ ಅಕ್ಷರದಲ್ಲಿ ಹುಡುಕಿದರೂ ಒಂದು ಚೂಪು ಸಿಗದು. ಅಸಂಭವ: ಗೆರೆ ಎಲ್ಲೆಡೆ ಒಂದೇ ದಪ್ಪ ಎಂಬುದು ಯಾವ ಅಕ್ಷರದಲ್ಲೂ ನಿಜವಲ್ಲ. ಮೂರು ದೋಷಗಳೂ ಒಟ್ಟಿಗೆ ವಾಸಿಸುವ ಲಕ್ಷಣ ನ್ಯಾಯಶಾಸ್ತ್ರದಲ್ಲಿ ದುರ್ಲಭ; ಆ ದುರ್ಲಭತೆಯ ಕಾರಣದಿಂದಲೇ ಇದನ್ನು ಉಳಿಸಿಕೊಳ್ಳಲಾಗಿದೆ.

ಪೂರ್ವಪಕ್ಷವಿಲ್ಲದೆ ಮೀಮಾಂಸೆ ನಡೆಯದು. ಹಿಂದಿನವರು ಪೂರ್ವಪಕ್ಷಿಯನ್ನು ತಾವೇ ಕಲ್ಪಿಸಿಕೊಂಡು, ತಮಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನಷ್ಟೇ ಅವನ ಬಾಯಲ್ಲಿ ಹಾಕುತ್ತಿದ್ದರು. ನಮ್ಮ ದುರ್ದೈವಕ್ಕೆ ನಮ್ಮ ಪೂರ್ವಪಕ್ಷಿ ಎದುರು ಮನೆಯಲ್ಲೇ ಇದ್ದಾರೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಕಣ್ಣು ಮಂಜು ಮಾಡಿಕೊಂಡು ನಿವೃತ್ತರಾದವರು. ಕಾಫಿಗೆ ಬರುತ್ತಾರೆ, ಹಸ್ತಪ್ರತಿ ಓದುತ್ತಾರೆ, ಲೋಟ ಅಲ್ಲೇ ಬಿಟ್ಟು ಹೋಗುತ್ತಾರೆ.

ಪ್ರಥಮಾಧಿಕರಣ: ವೃತ್ತಭಂಗ

ವಿಷಯವಾಕ್ಯ: ಫ್ಯೂಚುರಾದ ಓ. ಸಂಶಯ: ಇದು ವೃತ್ತವೋ, ಅಲ್ಲವೋ? ಸಿದ್ಧಾಂತಿಯ, ಎಂದರೆ ಗ್ರಂಥಕರ್ತನ, ಮೊದಲ ನಿಲುವು: ವೃತ್ತವೇ. ಕೈವಾರ, ಮೂಲೆಮಟ್ಟ, ಅಳತೆಪಟ್ಟಿ, ಇವು ಮೂರರಿಂದಲೇ ಈ ಅಕ್ಷರ ಹುಟ್ಟಿತೆಂದು ಲೋಕಪ್ರಸಿದ್ಧಿ ಇದೆ. ಲೋಕಪ್ರಸಿದ್ಧಿ ಇರುವಾಗ ಅಳೆಯುವುದು ಅವಿನಯ.

ಪೂರ್ವಪಕ್ಷಿ ಮರುದಿನವೇ ಮೊಮ್ಮಗನ ಜಾಮಿಟ್ರಿ ಬಾಕ್ಸ್ ಹಿಡಿದು ಬಂದರು. ಕಾಗದದ ಅಗಲಕ್ಕೂ ಅಚ್ಚಾಗಿದ್ದ ಒಂದು ಓ ಮೇಲೆ ಕೈವಾರದ ಮುಳ್ಳೂರಿ ಸುತ್ತಿಸಿದರು. ಪೆನ್ಸಿಲು ಅಕ್ಷರದ ಗೆರೆಯ ಜೊತೆ ಸ್ವಲ್ಪ ದೂರ ಸ್ನೇಹದಿಂದ ಹೋಗಿ, ಆಮೇಲೆ ತನ್ನ ದಾರಿ ಹಿಡಿಯಿತು.

“ಇದು ರೌಂಡ್ ಇಲ್ಲ ಸ್ವಾಮಿ.”

“ಅಯ್ಯಾ, ವ್ಯಾವಹಾರಿಕವಾಗಿ ಇದು ವೃತ್ತ. ಪಾರಮಾರ್ಥಿಕವಾಗಿ ಅಲ್ಲದಿರಬಹುದು.”

“ಅದೇ ತಾನೇ ನಾನು ಹೇಳಿದ್ದು.”

ಇಲ್ಲಿ ಗ್ರಂಥಕರ್ತನು ಶ್ರುತಿಯನ್ನು ಬಿಟ್ಟು ಪ್ರತ್ಯಕ್ಷಕ್ಕೆ ಬರಬೇಕಾಗುತ್ತದೆ. ಸಂಗತಿ ಹೀಗಿದೆ. ರೆನ್ನರ್ 1924ರ ಸುಮಾರಿಗೆ ಬರೆದ ಮೊದಲ ಚಿತ್ರಗಳು ರೇಖಾಗಣಿತಕ್ಕೆ ನಿಷ್ಠವಾಗಿದ್ದವು. ಚಿಕ್ಕ ಜಿ ಒಂದು ವೃತ್ತ ಮತ್ತು ಅದಕ್ಕೆ ತಗುಲಿಸಿದ ಮೂಲೆಗಳು. ಚಿಕ್ಕ ಆರ್ ಎಂದರೆ ಒಂದು ಕಂಬ, ಅದರ ಪಕ್ಕದಲ್ಲಿ ತೇಲುವ ಒಂದು ಚುಕ್ಕೆ. ನೋಡಲು ದಿವ್ಯ, ಓದಲು ಪ್ರಾರಬ್ಧ. ಬಾವರ್ ಕಾರ್ಖಾನೆಯವರು ಮೊಳೆ ಮಾರಿ ಬದುಕುವವರಾದ್ದರಿಂದ ಓದುವವರ ಕಡೆ ನಿಂತರು. ಮೂರು ವರ್ಷ ತಿದ್ದಿದರು. ಆ ವಿಚಿತ್ರ ಜಿ, ಆರ್‌ಗಳಲ್ಲಿ ಕೆಲವು ಮೊದಮೊದಲ ಮಾದರಿಗಳಲ್ಲಿ ಬದಲಿ ಅಕ್ಷರಗಳಾಗಿ ಉಳಿದು, ಆಮೇಲೆ ಸದ್ದಿಲ್ಲದೆ ಮೂಲೆ ಸೇರಿದವು.

ತಿದ್ದಿದ್ದು ಏನನ್ನು? ಕಣ್ಣಿನ ಮೂರು ದೌರ್ಬಲ್ಯಗಳನ್ನು. ಅಡ್ಡಗೆರೆಯೂ ನೆಟ್ಟಗೆರೆಯೂ ಒಂದೇ ದಪ್ಪವಿದ್ದರೆ ಅಡ್ಡಗೆರೆ ದಪ್ಪಗೆ ಕಾಣುತ್ತದೆ. ಆದ್ದರಿಂದ ಅಡ್ಡವನ್ನು ತುಸು ತೆಳು ಮಾಡಬೇಕು. ಉರುಟು ಅಕ್ಷರ ಚೌಕ ಅಕ್ಷರದಷ್ಟೇ ಎತ್ತರವಿದ್ದರೆ ಕುಳ್ಳಗೆ ಕಾಣುತ್ತದೆ. ಆದ್ದರಿಂದ ಮೇಲೂ ಕೆಳಗೂ ಗೆರೆ ದಾಟಿಸಬೇಕು. ಕಂಬಕ್ಕೆ ಬಿಲ್ಲು ಸೇರುವಲ್ಲಿ, ಉದಾಹರಣೆಗೆ ಚಿಕ್ಕ ಬಿ ಅಥವಾ ಎನ್ ಅಕ್ಷರದ ಕಂಕುಳಲ್ಲಿ, ಕಪ್ಪು ಗಂಟು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸೇರುವ ಕಡೆ ಗೆರೆಯನ್ನು ಸೊರಗಿಸಬೇಕು. ಸೀಸದ ಮೊಳೆಯ ಕಾಲದಲ್ಲಿ ಇದನ್ನೆಲ್ಲ ಪ್ರತಿಯೊಂದು ಅಳತೆಗೂ ಬೇರೆಬೇರೆಯಾಗಿ ಮಾಡಬೇಕಿತ್ತು, ಏಕೆಂದರೆ ಸಣ್ಣ ಅಳತೆಯಲ್ಲಿ ಕಣ್ಣು ಮೋಸಹೋಗುವ ರೀತಿಯೇ ಬೇರೆ. ಹೀಗೆ ನೂರಾರು ಕಡೆ ಲೆಕ್ಕ ತಪ್ಪಿಸಿದ ಮೇಲೆ ಅಕ್ಷರ ಲೆಕ್ಕಾಚಾರದಿಂದ ಹುಟ್ಟಿದಂತೆ ಕಂಡಿತು.

ಸೂತ್ರ: ಕೈವಾರ ಎಳೆದದ್ದು ಹೆಸರಿಗೆ, ಕಣ್ಣು ಒಪ್ಪಿದ್ದು ಕಾಸಿಗೆ.

ಇನ್ನೂ ಒಂದು ಗುಟ್ಟು ಇದೆ. ಇದನ್ನು ಪೂರ್ವಪಕ್ಷಿಯ ಎದುರು ಹೇಳಿಲ್ಲ. ಫ್ಯೂಚುರಾದ ದೊಡ್ಡಕ್ಷರಗಳಲ್ಲಿ ಓ, ಸಿ, ಜಿ ಅಗಲವಾಗಿ ಕುಳಿತಿವೆ. ಇ, ಎಫ್, ಎಲ್ ಅರ್ಧ ಚೌಕದಷ್ಟು ಜಾಗದಲ್ಲಿ ಒತ್ತರಿಸಿಕೊಂಡು ನಿಂತಿವೆ. ಈ ಹಂಚಿಕೆ ರೆನ್ನರನ ಕಲ್ಪನೆಯಲ್ಲ. ಹಳೆಯ ರೋಮನ್ನರು ಶಿಲೆಯಲ್ಲಿ ಕೊರೆದ ಅಕ್ಷರಗಳ ಪ್ರಮಾಣ ಇದೇ, ಕ್ರಿ.ಶ. 113ರ ಟ್ರೇಜನ್ ಸ್ತಂಭದ ಶಾಸನ ಅದಕ್ಕೆ ಹೆಸರಾಂತ ಮಾದರಿ. ಭವಿಷ್ಯ ಎಂದು ನಾಮಕರಣ ಮಾಡಿಸಿಕೊಂಡು, ನಮ್ಮ ಕಾಲದ ಅಕ್ಷರ ಎಂದು ಜಾಹೀರಾತು ಹಾಕಿಸಿಕೊಂಡು, ಹದಿನೆಂಟು ಶತಮಾನದ ಹಿಂದಿನ ಎಲುಬಿನ ಮೇಲೆ ನಿಂತದ್ದು ಈ ಅಕ್ಷರ. ಭೂತ, ವರ್ತಮಾನ, ಭವಿಷ್ಯ ಮೂರನ್ನೂ ಏಕಕಾಲದಲ್ಲಿ ಮಾರಿದ ಕೀರ್ತಿ ಬಾವರ್ ಕಾರ್ಖಾನೆಗೆ ಸಲ್ಲಬೇಕು. ನಮ್ಮಲ್ಲಿ ಇದನ್ನು ಜ್ಯೋತಿಷಿಗಳು ಮಾತ್ರ ಮಾಡುತ್ತಾರೆ.

ದ್ವಿತೀಯಾಧಿಕರಣ: ಶೂಲಾಗ್ರ

ಈಗ ಕೋನ. ಫ್ಯೂಚುರಾದ ತೆಳು ಮತ್ತು ಮಧ್ಯಮ ತೂಕಗಳಲ್ಲಿ ದೊಡ್ಡ ಎ ಅಕ್ಷರದ ನೆತ್ತಿ ಭರ್ಜಿಯ ಮೊನೆ. ಎಂ, ಎನ್ ಅಕ್ಷರಗಳಿಗೂ ಅದೇ ಮೊನೆ. ವಿ, ಡಬ್ಲ್ಯೂ ಅಕ್ಷರಗಳಿಗೆ ಮೊನೆ ಕೆಳಮುಖ. ಈ ಮೊನೆ ಪಕ್ಕದ ಅಕ್ಷರಗಳ ಎತ್ತರದಲ್ಲೇ ನಿಂತರೆ ಎ ಒಂದು ಕೂದಲೆಳೆ ಗಿಡ್ಡ ಎನಿಸುತ್ತದೆ, ಏಕೆಂದರೆ ಚೂಪಿನ ತುದಿಯಲ್ಲಿ ಮಸಿಯೇ ಇರುವುದಿಲ್ಲ. ಆದ್ದರಿಂದ ಅದನ್ನು ಗೆರೆ ದಾಟಿಸಿ ಮೇಲಕ್ಕೆ ಚುಚ್ಚಲಾಗಿದೆ. ಸಾಲಿನಲ್ಲಿ ಎಲ್ಲರಿಗಿಂತ ತಲೆ ಮೇಲೆತ್ತಿ ನಿಂತವನೇ ಎಲ್ಲರ ಸಮಾನ ಎಂದು ಕಾಣುವುದು, ಸಮಾಜಶಾಸ್ತ್ರ ವಿಭಾಗದವರು ಗಮನಿಸಬೇಕಾದ ಅಂಶ.

ಇದರಿಂದ ಗ್ರಂಥಕರ್ತನು ಮಂಡಿಸುವ ಮುಖ್ಯ ಸಿದ್ಧಾಂತ: ಕೋನವು ಶೌರ್ಯದ್ಯೋತಕ. ಚೂಪು ಎ ಉಳ್ಳ ನಾಗರಿಕತೆ ಮುಂದಕ್ಕೆ ನುಗ್ಗುತ್ತದೆ. ಉರುಟು ಅಕ್ಷರದ ನಾಗರಿಕತೆ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತದೆ.

“ಹಂಗಾದ್ರೆ ಬೋಲ್ಡ್‌ನಲ್ಲಿ ಎ ತಲೆ ಯಾಕೆ ಬೋಳಿಸಿದ್ದಾರೆ?” ಎಂದರು ಪೂರ್ವಪಕ್ಷಿ.

ಇದು ನಿಜ. ದಪ್ಪ ತೂಕದ ಫ್ಯೂಚುರಾದಲ್ಲಿ ಎ ಅಕ್ಷರದ ನೆತ್ತಿ ಚಪ್ಪಟೆ. ಗೆರೆ ದಪ್ಪವಾದಷ್ಟೂ ಮೊನೆಗೆ ಬೇಕಾದ ಎತ್ತರ ಹೆಚ್ಚುತ್ತ ಹೋಗಿ, ಅಕ್ಷರ ಮೇಲಿನ ಸಾಲಿಗೆ ಇರಿಯುವ ಸ್ಥಿತಿ ಬರುತ್ತದೆ, ಆದ್ದರಿಂದ ಕತ್ತರಿಸಿದ್ದಾರೆ. ಬಲ ಹೆಚ್ಚಿದಷ್ಟೂ ಮೊನಚು ತಗ್ಗುತ್ತದೆ ಎಂದು ಇದನ್ನು ಸಿದ್ಧಾಂತಕ್ಕೆ ಅನುಕೂಲವಾಗಿ ತಿರುಗಿಸಬಹುದು, ತಿರುಗಿಸಲಾಗಿದೆ.

“ಚೂಪು ಇದ್ರೂ ಏನು ಸ್ವಾಮಿ, ಮೊಳೇಲಿ ಮೊದಲು ಪೆಟ್ಟು ತಿನ್ನೋದೇ ಆ ತುದಿ. ನಾಲ್ಕು ಸಲ ಕೆಳಗೆ ಬಿದ್ರೆ ನಿಮ್ಮ ಶೌರ್ಯ ಮೊಂಡು. ನಮ್ಮ ಕನ್ನಡದ ಮೊಳೆ ನೋಡಿ, ತಲೆಕಟ್ಟು, ಕೊಂಬು, ಒತ್ತು, ಎಲ್ಲ ಉಂಡೆಉಂಡೆ. ನಮ್ಮಲ್ಲಿ ಚೂಪು ಇರೋದು ಮಾತಲ್ಲಿ. ಅಕ್ಷರದಲ್ಲಿ ಇಟ್ಕೊಂಡು ಏನು ಮಾಡೋಣ?”

ಇದಕ್ಕೆ ಉತ್ತರವಿದೆ. ಅದನ್ನು ಪರಿಷ್ಕೃತ ಆವೃತ್ತಿಯಲ್ಲಿ ಕೊಡಲಾಗುವುದು.

ತೃತೀಯಾಧಿಕರಣ: ಚಿಕ್ಕ ಜೆ

ಫ್ಯೂಚುರಾದ ಚಿಕ್ಕ ಜೆ ಒಂದು ನೇರ ಗೆರೆ ಮತ್ತು ಅದರ ಮೇಲೊಂದು ಚುಕ್ಕೆ. ಕೆಳಗೆ ಕೊಕ್ಕೆ ಇಲ್ಲ. ಇದರ ಬಗ್ಗೆ ನಲವತ್ತು ಪುಟ ಬರೆದು ಮಾರ್ಗದರ್ಶಕರಿಗೆ ತೋರಿಸಲಾಗಿ, ಅವರು ಕೊಕ್ಕೆಯ ಹಾಗೆಯೇ ಅದನ್ನೂ ತೆಗೆದರು.

ಚತುರ್ಥಾಧಿಕರಣ: ಮುರಿದಕ್ಷರ ಪ್ರಕರಣ

ಕೋನವೇ ಶೌರ್ಯವೆಂದರೆ, ಜರ್ಮನ್ನರ ಬಳಿ ಮೊದಲೇ ಬೇಕಾದಷ್ಟು ಶೌರ್ಯವಿತ್ತು. ಶತಮಾನಗಳಿಂದ ಅವರು ಓದುತ್ತಿದ್ದ ಫ್ರಾಕ್ಟೂರ್ ಲಿಪಿಶೈಲಿಯಲ್ಲಿ ಪ್ರತಿ ಬಾಗೂ ಮುರಿದು ಮೂಲೆಯಾಗಿತ್ತು. ಇಪ್ಪತ್ತರ ದಶಕದ ಜರ್ಮನಿಯಲ್ಲಿ ಫ್ರಾಕ್ಟೂರ್ ಬೇಕೋ ರೋಮನ್ ಬೇಕೋ ಎಂಬುದು ಅಚ್ಚುಕೂಟದ ಒಳಜಗಳವಾಗಿ ಉಳಿದಿರಲಿಲ್ಲ. ಯಾರು ಶುದ್ಧ ಜರ್ಮನ್ ಎಂಬ ಜಗಳವಾಗಿತ್ತು. ಫ್ಯೂಚುರಾ ಬಂದದ್ದು ಎರ್ನ್‌ಸ್ಟ್ ಮೈ ಎಂಬ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟಿನಲ್ಲಿ ಚಪ್ಪಟೆ ತಾರಸಿಯ ಹೊಸ ಬಡಾವಣೆಗಳನ್ನು ಕಟ್ಟಿಸುತ್ತಿದ್ದ ಹೊತ್ತಿನಲ್ಲಿ. ಆ ಮನೆಗಳಿಗೂ ಈ ಅಕ್ಷರಕ್ಕೂ ಬೈಗುಳ ಒಂದೇ ಆಗಿತ್ತು: ಸಂಸ್ಕೃತಿ ಕೆಡಿಸುವ ಬೋಲ್ಶೆವಿಕರ ಕೆಲಸ.

ರೆನ್ನರ್ ಬೌಹೌಸ್ ಎಂಬ ನವ್ಯ ವಿನ್ಯಾಸ ಶಾಲೆಯವನಲ್ಲ, ಕ್ರಾಂತಿಕಾರಿಯೂ ಅಲ್ಲ. 1878ರಲ್ಲಿ ಹುಟ್ಟಿದ, ಪುಸ್ತಕ ಚೆನ್ನಾಗಿ ಅಚ್ಚಾಗಬೇಕೆಂಬುದರ ಆಚೆಗೆ ಹೆಚ್ಚು ಹಠವಿಲ್ಲದ ಮನುಷ್ಯ. ಮ್ಯೂನಿಕ್‌ನಲ್ಲಿ ಮುದ್ರಕರನ್ನು ತಯಾರು ಮಾಡುವ ಶಾಲೆಯ ಮುಖ್ಯಸ್ಥ. ಆದರೆ ಆ ಬೈಗುಳವನ್ನೇ ಶೀರ್ಷಿಕೆ ಮಾಡಿ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, 1932ರಲ್ಲಿ ಒಂದು ಕಿರುಹೊತ್ತಗೆ ಬರೆದು ಸ್ವಿಟ್ಜರ್ಲೆಂಡಿನಲ್ಲಿ ಅಚ್ಚು ಹಾಕಿಸಿದ. 1933ರ ಏಪ್ರಿಲ್‌ನಲ್ಲಿ ನಾಜಿಗಳು ಅವನನ್ನು ಬಂಧಿಸಿದರು. ಬಿಡುಗಡೆ ಬೇಗ ಆಯಿತು, ನೌಕರಿ ಹೋಯಿತು. ಒಂದು ಪ್ರಶ್ನಾರ್ಥಕ ಚಿಹ್ನೆಗೆ ಇಷ್ಟು ಬೆಲೆ ತೆತ್ತವರು ಮುದ್ರಣದ ಇತಿಹಾಸದಲ್ಲಿ ವಿರಳ.

ಮುಂದಿನದು ಅಣಕು ಪ್ರಬಂಧಕಾರನ ಕೆಲಸವನ್ನು ಇತಿಹಾಸವೇ ಮಾಡಿ ಮುಗಿಸಿದ ಪ್ರಸಂಗ. ಫ್ರಾಕ್ಟೂರನ್ನು ಜನಾಂಗದ ಆತ್ಮವೆಂದು ಎಂಟು ವರ್ಷ ಹೊತ್ತು ಮೆರೆಸಿದ ಅದೇ ಪಕ್ಷ, 1941ರ ಜನವರಿ 3ರಂದು ಮಾರ್ಟಿನ್ ಬೋರ್ಮನ್ ಸಹಿಯ ಸುತ್ತೋಲೆ ಹೊರಡಿಸಿ, ಆ ಮುರಿದಕ್ಷರಗಳು ಯಹೂದಿ ಅಕ್ಷರಗಳೆಂದೂ ಇನ್ನು ರೋಮನ್ನೇ ಸಹಜ ಲಿಪಿಯೆಂದೂ ಸಾರಿತು. ಆ ಆರೋಪಕ್ಕೆ ಯಾವ ಬುಡವೂ ಇರಲಿಲ್ಲ. ತಾವು ಗೆದ್ದ ದೇಶಗಳವರಿಗೆ ಆಜ್ಞೆಗಳನ್ನು ಓದಲು ಬರಲಿ ಎಂಬುದೇ ನಿಜವಾದ ಕಾರಣವಿರಬೇಕೆಂದು ಇತಿಹಾಸಕಾರರ ಊಹೆ. ಸುತ್ತೋಲೆಯ ಕಾಗದದ ಮೇಲ್ಗಡೆ ಪಕ್ಷದ ಹೆಸರು ಅಚ್ಚಾಗಿತ್ತಲ್ಲ, ಅದು ಅದೇ ಮುರಿದಕ್ಷರದಲ್ಲಿತ್ತು. ಹಳೆಯ ಲೆಟರ್‌ಹೆಡ್ ಮುಗಿಯುವವರೆಗೆ ಕಾಯುವ ಸರ್ಕಾರಿ ಮಿತವ್ಯಯ ಎಲ್ಲ ದೇಶಕ್ಕೂ ಒಂದೇ.

“ಅಂದ್ರೆ ಅಕ್ಷರಕ್ಕೆ ಜಾತಿ ಅಂಟಿಸಿದ್ರು, ಆಮೇಲೆ ಜಾತಿ ಬದಲಾಯಿಸಿದ್ರು. ಮೊಳೆ ಮಾತ್ರ ಅದೇ ಸೀಸ,” ಎಂದರು ಪೂರ್ವಪಕ್ಷಿ. ಈ ಅಧಿಕರಣದಲ್ಲಿ ಸಿದ್ಧಾಂತಿ ಬೇರೆ ಏನನ್ನೂ ಸೇರಿಸುವುದಿಲ್ಲ.

ಪಂಚಮಾಧಿಕರಣ: ವಿನಿಯೋಗ

ಮಂತ್ರಕ್ಕೆ ಋಷಿ, ಛಂದಸ್ಸು, ದೇವತೆ ಹೇಳಿದ ಮೇಲೆ ವಿನಿಯೋಗ ಹೇಳಬೇಕು. ಫ್ಯೂಚುರಾದ ವಿನಿಯೋಗಗಳಲ್ಲಿ ಉತ್ತಮೋತ್ತಮವಾದದ್ದು ಚಂದ್ರನ ಮೇಲಿದೆ. 1969ರ ಜುಲೈನಲ್ಲಿ ಅಪೊಲೊ 11ರ ಇಳಿನೌಕೆಯ ಕಾಲಿಗೆ ಬಿಗಿದು ಕಳಿಸಿದ ಸ್ಟೇನ್‌ಲೆಸ್ ಸ್ಟೀಲ್ ಫಲಕ, ಅಗಲ ಒಂಬತ್ತು ಇಂಚು, ಭೂಮಿಯ ಎರಡು ಅರ್ಧಗೋಳಗಳ ಚಿತ್ರದ ಕೆಳಗೆ ಫ್ಯೂಚುರಾದ ದೊಡ್ಡಕ್ಷರಗಳು. ಮನುಕುಲವೆಲ್ಲದರ ಪರವಾಗಿ ಶಾಂತಿಯಿಂದ ಬಂದೆವು ಎಂಬುದು ಒಕ್ಕಣೆ. ಕೆಳಗೆ ನಾಲ್ಕು ಸಹಿ. ಇಬ್ಬರು ಇಳಿದವರು, ಒಬ್ಬರು ಇಳಿಯದೆ ಮೇಲೆ ಸುತ್ತುತ್ತಿದ್ದವರು, ಒಬ್ಬರು ವಾಷಿಂಗ್ಟನ್‌ನಲ್ಲಿ ಕುಳಿತಿದ್ದ ಅಧ್ಯಕ್ಷ ನಿಕ್ಸನ್. ಕೆಲಸ ಮಾಡಿದವರಿಗೂ ಮಾಡದವರಿಗೂ ಮೂರಕ್ಕೆ ಒಂದರ ಈ ಅನುಪಾತ, ನಮ್ಮ ಬಸ್ ನಿಲ್ದಾಣಗಳ ಉದ್ಘಾಟನೆ ಕಲ್ಲುಗಳ ಪಕ್ಕದಲ್ಲಿಟ್ಟು ನೋಡಿದರೆ, ಅತ್ಯಂತ ಶ್ಲಾಘನೀಯ.

ಇಲ್ಲಿ ಒಂದು ಸೂಕ್ಷ್ಮ ಜಿಜ್ಞಾಸೆ ಹುಟ್ಟುತ್ತದೆ. ಓದುವವರಿಲ್ಲದ ಜಾಗದಲ್ಲಿ ಓದಲು ಸುಲಭವಾದ ಅಕ್ಷರ ಹಾಕುವುದರಿಂದ ಪುಣ್ಯವುಂಟೋ? ಮಳೆಗಾಳಿ ಇಲ್ಲದ್ದರಿಂದ ಅಳಿಯುವ ಭಯ ಕಡಮೆ, ಭಿತ್ತಿಪತ್ರ ಅಂಟಿಸುವವರೂ ಇಲ್ಲ. ಅಷ್ಟರಮಟ್ಟಿಗೆ ನಿತ್ಯತ್ವ ಸಿದ್ಧಿಸಿತು. ಪೂರ್ವಪಕ್ಷಿಯ ಆಕ್ಷೇಪ ಏನೆಂದರೆ, ಅಷ್ಟು ದೂರ ಕಳಿಸುವಾಗ ಚಿಕ್ಕ ಎಬಿಸಿಡಿಯನ್ನೂ ಒಂದೆರಡು ಹಾಕಬಹುದಿತ್ತು.

ಮಧ್ಯಮ ವಿನಿಯೋಗ: ವಾಣಿಜ್ಯ. 1959ರಿಂದ ಡಿಡಿಬಿ ಎಂಬ ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಗಾಗಿ ಹೆಲ್ಮುಟ್ ಕ್ರೋನ್ ರೂಪಿಸಿದ ಫೋಕ್ಸ್‌ವ್ಯಾಗನ್ ಜಾಹೀರಾತುಗಳಲ್ಲಿ ಫ್ಯೂಚುರಾ ತನ್ನ ಧ್ವನಿಯನ್ನೇ ಬದಲಿಸಿಕೊಂಡಿತು. ಅಮೆರಿಕದ ಕಾರುಗಳೆಲ್ಲ ರೆಕ್ಕೆ ಬಾಲ ಬೆಳೆಸಿಕೊಂಡು ಮೆರೆಯುತ್ತಿದ್ದ ಕಾಲ. ಬಿಳಿ ಹಾಳೆಯ ಮೂಲೆಯಲ್ಲಿ ಗುಂಡಗಿನ ಪುಟ್ಟ ಕಾರು, ಕೆಳಗೆ ಚಿಕ್ಕದಾಗಿ ಯೋಚಿಸಿ ಎಂದು ಎರಡು ಪದ, ಅದಕ್ಕೊಂದು ಪೂರ್ಣವಿರಾಮ. ಯುದ್ಧ ಮುಗಿದು ಹದಿನೈದು ವರ್ಷವೂ ಆಗಿರಲಿಲ್ಲ. ಹಿಟ್ಲರ್ ಆಸೆಪಟ್ಟು ಮಾಡಿಸಿದ ಕಾರನ್ನು ಹಿಟ್ಲರನ ಪಕ್ಷ ಅಟ್ಟಾಡಿಸಿದ ಮನುಷ್ಯನ ಅಕ್ಷರದಲ್ಲಿ, ಯಹೂದಿಗಳೂ ಸೇರಿ ಕಟ್ಟಿದ ಸಂಸ್ಥೆಯೊಂದು ಮಾರಿತು. ಕಾದಂಬರಿಯಲ್ಲಿ ಹೀಗೆ ಬರೆದರೆ ವಿಮರ್ಶಕರು ಕೃತಕ ಸಂಯೋಜನೆ ಎನ್ನುತ್ತಾರೆ.

ಸಿನಿಮಾದವರ ಮೋಹಕ್ಕೆ ಬೇರೆ ಅಧ್ಯಾಯವೇ ಬೇಕು, ಆದರೆ ಬೇಡ. ಸ್ಟ್ಯಾನ್ಲಿ ಕೂಬ್ರಿಕ್‌ಗೆ ಇದರ ದಪ್ಪ ತೂಕದ ಮೇಲೆ ಪ್ರೀತಿ. ವೆಸ್ ಆ್ಯಂಡರ್ಸನ್ 2001ರ ‘ದಿ ರಾಯಲ್ ಟೆನೆನ್‌ಬಾಮ್ಸ್’ ಚಿತ್ರದಲ್ಲಿ ಪುಸ್ತಕದ ಮುಖಪುಟ, ಬಸ್ಸಿನ ಫಲಕ, ಕಂಡಲ್ಲೆಲ್ಲ ಇದನ್ನೇ ಹಾಕಿಸಿದ. ಇಡೀ ನಗರದ ಬೋರ್ಡುಗಳನ್ನು ಒಬ್ಬನೇ ಪೇಂಟರಿಗೆ ಗುತ್ತಿಗೆ ಕೊಟ್ಟಂತಿದೆ.

ಅಧಮ ವಿನಿಯೋಗ: ಬಾರ್ಬರಾ ಕ್ರೂಗರ್ ಎಂಬ ಅಮೆರಿಕದ ಕಲಾವಿದೆ, ಕೆಂಪು ಪಟ್ಟಿಯ ಮೇಲೆ ಓರೆಯಾದ ದಪ್ಪ ಫ್ಯೂಚುರಾದಲ್ಲಿ ಬಿಳಿ ಅಕ್ಷರ ಹಾಕಿ, ಕೊಳ್ಳುವ ಹುಚ್ಚನ್ನು ಹಂಗಿಸಿದಳು. ಅವಳ ಪ್ರಸಿದ್ಧ ಕೃತಿ 1987ರದು. ಕೊಳ್ಳುವುದರಿಂದಲೇ ನಾನಿದ್ದೇನೆ ಎಂಬ ಧಾಟಿಯದು. 1994ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಸುಪ್ರೀಮ್ ಎಂಬ ಬಟ್ಟೆ ಕಂಪನಿ ಅದೇ ಕೆಂಪು ಪಟ್ಟಿ, ಅದೇ ಓರೆ ಅಕ್ಷರವನ್ನು ತನ್ನ ಲಾಂಛನ ಮಾಡಿಕೊಂಡು ಅಂಗಿ ಮಾರಿತು. ಜನ ಸಾಲುಗಟ್ಟಿ ನಿಂತು ಕೊಂಡರು. ಇಲ್ಲಿ ಅಧಮ ಯಾರು ಎಂಬ ಪ್ರಶ್ನೆಗೆ ಧರ್ಮಶಾಸ್ತ್ರ ವಿಭಾಗದವರನ್ನು ಕೇಳಲಾಗಿದೆ. ಅವರು ಸಾಲಿನಲ್ಲಿದ್ದಾರೆ.

ಅತಿಯಾದ ವಿನಿಯೋಗದಿಂದ ವೈರಾಗ್ಯ ಹುಟ್ಟಬೇಕಲ್ಲ, ಅದೂ ಹುಟ್ಟಿತು. ಫ್ಯೂಚುರಾವನ್ನು ಎಂದೂ ಬಳಸಬೇಡಿ ಎಂಬರ್ಥದ ಹೆಸರಿನ ಒಂದು ಪುಸ್ತಕವನ್ನು ಡಗ್ಲಾಸ್ ಥಾಮಸ್ 2017ರಲ್ಲಿ ಪ್ರಕಟಿಸಿದ. ಹೆಸರು ನೋಡಿ ವಿರಕ್ತನೆಂದು ಭಾವಿಸಿ ತೆರೆದರೆ, ಒಳಗಿರುವುದು ಪರಮ ಅನುರಾಗಿ.

ಪ್ರಾಯಶ್ಚಿತ್ತ ಪ್ರಕರಣ

ಐಕಿಯಾ ಎಂಬ ಸ್ವೀಡನ್ನಿನ ಪೀಠೋಪಕರಣದ ಅಂಗಡಿ ಹಲವು ದಶಕ ಫ್ಯೂಚುರಾದ ಭಕ್ತನಾಗಿತ್ತು. ಅದರ ಕುರ್ಚಿ, ಕಪಾಟುಗಳ ಹಾಗೆಯೇ ಈ ಅಕ್ಷರವೂ ನಾಲ್ಕು ತುಂಡು ಜೋಡಿಸಿದರೆ ಆಗಿಬಿಡುತ್ತದೆ ಎಂಬ ಭ್ರಮೆ ಹುಟ್ಟಿಸುವಂಥದ್ದಾದ್ದರಿಂದ ಜಾತಕ ಕೂಡಿತ್ತು. 2009ರಲ್ಲಿ ಕಂಪನಿ ಏಕಾಏಕಿ ವರ್ಡಾನಾಕ್ಕೆ ಮಾರುಹೋಯಿತು. ವರ್ಡಾನಾ 1996ರಲ್ಲಿ ಮ್ಯಾಥ್ಯೂ ಕಾರ್ಟರ್ ಮೈಕ್ರೋಸಾಫ್ಟಿಗಾಗಿ, ಕಂಪ್ಯೂಟರ್ ಪರದೆಯ ಮೇಲೆ ಸಣ್ಣ ಅಳತೆಯಲ್ಲಿ ಓದಲೆಂದು ಮಾಡಿಕೊಟ್ಟ ಸಜ್ಜನ ಅಕ್ಷರ. ಅದನ್ನು ಕ್ಯಾಟಲಾಗಿನ ಮುಖಪುಟದಲ್ಲಿ ಹಿಗ್ಗಿಸಿದ್ದು ಕಂಡು ಅಕ್ಷರಪ್ರಿಯರು ಕೆರಳಿದರು. ಮನವಿಪತ್ರಕ್ಕೆ ಸಾವಿರಾರು ಸಹಿ ಬಿದ್ದವು. ಮಂಚದ ಬೋಲ್ಟು ಕಡಮೆ ಬಂದಾಗ ಸುಮ್ಮನಿದ್ದ ಗಿರಾಕಿಗಳು ಅಕ್ಷರದ ಕೋನ ಹೋದಾಗ ಬೀದಿಗೆ ಬಂದರು ಎಂಬುದು ನಮ್ಮ ಸಿದ್ಧಾಂತಕ್ಕೆ ಸಿಕ್ಕ ಏಕೈಕ ಗಟ್ಟಿ ಪುರಾವೆ.

ಕಂಪನಿಯ ಸಮಜಾಯಿಷಿ ಮಾತ್ರ ನೀರಸ. ಒಂದೇ ಅಕ್ಷರ ಎಲ್ಲ ದೇಶದಲ್ಲೂ, ಕಾಗದದಲ್ಲೂ ಪರದೆಯಲ್ಲೂ ನಡೆಯಬೇಕು ಎಂದರು. 2019ರಲ್ಲಿ ವರ್ಡಾನಾವನ್ನೂ ಬಿಟ್ಟು ಗೂಗಲ್‌ನ ನೋಟೊ ಕುಲಕ್ಕೆ ಬಂದರು. ನೋಟೊದಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ಲಿಪಿಗಳಿವೆ; ಕನ್ನಡವೂ ಇದೆ. 2022ರ ಜೂನ್‌ನಲ್ಲಿ ಇದೇ ಅಂಗಡಿ ಬೆಂಗಳೂರಿನ ನಾಗಸಂದ್ರದಲ್ಲಿ ಬಾಗಿಲು ತೆರೆಯಿತು. ನಮ್ಮ ಪೂರ್ವಪಕ್ಷಿ ಮೆಟ್ರೊದಲ್ಲಿ ಹೋಗಿ, ಒಂದು ಸ್ಟೂಲು ತಂದು, ಗ್ರಂಥ ಮುಗಿಯುವ ಹೊತ್ತಿಗೆ ಸರಿಯಾಗಿ ಅದರ ಮೇಲೆ ಕುಳಿತು ಕೇಳಿದರು:

“ಅಲ್ಲ ಸ್ವಾಮಿ, ನಿಮ್ಮ ಈ ಪುಸ್ತಕ ಯಾವ ಅಕ್ಷರದಲ್ಲಿ ಅಚ್ಚು ಹಾಕಿಸ್ತೀರಿ?”

“ಫ್ಯೂಚುರಾದಲ್ಲಿ ಎಂಬುದು ಗ್ರಂಥದ ಆಶಯ.”

“ಅದರಲ್ಲಿ ಕನ್ನಡ ಎಲ್ಲಿದೆ? ರೆನ್ನರ್ ಕನ್ನಡಕ್ಕೆ ಒಂದು ಅಕ್ಷರಾನೂ ಬರೆದಿಲ್ಲವಲ್ಲ.”

“ಬರೆದಿಲ್ಲ.”

“ಮತ್ತೆ ಈ ಅಂಗಡಿಯವರ ನೋಟೊದಲ್ಲಿ ಹಾಕಿಸಿಬಿಡಿ. ಪುಕ್ಕಟೆ ಸಿಗುತ್ತಂತೆ. ಅದರ ಕನ್ನಡದಲ್ಲಿ ನೋಡಿದೆ, ಎಲ್ಲ ದುಂಡಗೆ, ಒಂದೂ ಕೋನ ಇಲ್ಲ.”

ಕೋನವನ್ನು ಪ್ರತಿಪಾದಿಸುವ ಗ್ರಂಥ ಕೋನವಿಲ್ಲದ ಅಕ್ಷರದಲ್ಲಿ ಅಚ್ಚಾದರೆ ಪ್ರತಿಜ್ಞಾಹಾನಿ ಎಂಬ ನಿಗ್ರಹಸ್ಥಾನ, ಎಂದರೆ ವಾದದಲ್ಲಿ ಸೋಲು, ಪ್ರಾಪ್ತವಾಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಅತ್ಯಂತ ಗಹನವಾದದ್ದು. ಅದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.